ಹುಡುಕಲಾಗಿ ಲಭ್ಯವಿಲ್ಲ

ನಮ್ಮೂರಲ್ಲಿ ಈ ಕಥೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಮೇಷ್ಟ್ರು ತಹಸೀಲ್ದಾರರನ್ನೇ ನಡುಗಿಸಿಬಿಟ್ಟರು ಅನ್ನುವವರಿದ್ದಾರೆ. ದೊಡ್ಡಮ್ಮ ಬೆಂಗಳೂರಿಗೆ ಹೋಗಿ ದೊಡ್ಡ ಸಾಹೇಬರ ಎದುರು ಸೆರಗೊಡ್ಡಿ ಅತ್ತಳು, ಅದಕ್ಕೇ ಫೈಲು ಸಿಕ್ಕಿತು ಅನ್ನುವವರೂ ಇದ್ದಾರೆ. ಎರಡೂ ಸುಳ್ಳು. ನಾನು ಯಾರನ್ನೂ ನಡುಗಿಸಲಿಲ್ಲ, ದೊಡ್ಡಮ್ಮ ಅಳುವ ಹೆಂಗಸೇ ಅಲ್ಲ. ಆದದ್ದು ಇಷ್ಟು, ಕೇಳಿ.

ದೊಡ್ಡಮ್ಮ ಅಂದರೆ ನನಗೆ ರಕ್ತಸಂಬಂಧವೇನಲ್ಲ. ನಮ್ಮ ಮನೆ ಹಿಂದಿನ ಬೇಲಿ ದಾಟಿದರೆ ಅವರ ಅಂಗಳ. ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಂದು ಎಕರೆಗೆ ಸ್ವಲ್ಪ ಮೇಲ್ಪಟ್ಟು ಗದ್ದೆ. ಗಂಡನ ಕಾಲದಲ್ಲಿ ಗೇಣಿಗೆ ಮಾಡುತ್ತಿದ್ದದ್ದು, ಡಿಕ್ಲರೇಷನ್ ಕೊಟ್ಟು ತಮ್ಮದಾಗಿದೆ ಅಂತಲೇ ಅವರು ತಿಳಿದಿದ್ದರು. ಉಳುತ್ತಿದ್ದವರು ಅವರು, ಕೊಯ್ಯುತ್ತಿದ್ದವರು ಅವರು, ಯಾರೂ ತಕರಾರು ತೆಗೆದಿರಲಿಲ್ಲ. ಮಗ ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗಲೇ ಗೊತ್ತಾದದ್ದು, ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ ಇನ್ನೂ ಹಳೇ ಒಡೆಯರ ಹೆಸರೇ ಕೂತಿದೆ ಅಂತ. ಇವರ ಹೆಸರು ಇದ್ದದ್ದು ಹನ್ನೆರಡನೇ ಕಾಲಮ್ಮಿನಲ್ಲಿ, ಸಾಗುವಳಿದಾರ ಅಂತ ಮಾತ್ರ. ಅದೇ ಹೊತ್ತಿಗೆ ಒಡೆಯರ ಮೊಮ್ಮಕ್ಕಳು ಬೆಂಗಳೂರಿನಿಂದ ಕಾರಿನಲ್ಲಿ ಬಂದು ಗದ್ದೆಯ ಅಂಚಿನಲ್ಲಿ ನಿಂತು ಫೋಟೋ ತೆಗೆದುಕೊಂಡು ಹೋದರು. ದೊಡ್ಡಮ್ಮನಿಗೆ ಊಟ ಸೇರಲಿಲ್ಲ.

ಈಗಿನ ಹುಡುಗರಿಗೆ ಈ ಡಿಕ್ಲರೇಷನ್ ಕಥೆಯೇ ಗೊತ್ತಿಲ್ಲ, ಅದಕ್ಕೆ ಎರಡು ಮಾತು. ನಮ್ಮ ಮಲೆನಾಡಿನಲ್ಲಿ ಗೇಣಿಯ ಜಗಳ ಹೊಸದಲ್ಲ. 1951ರಲ್ಲಿ ಕಾಗೋಡಿನಲ್ಲಿ ರೈತರು ಗದ್ದೆಗಿಳಿದು ಜೈಲಿಗೆ ಹೋದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಭೂಸುಧಾರಣೆ ಕಾನೂನು ಬಂದದ್ದು 1961ರಲ್ಲಿ, ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ ವಶ. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಅಧಿಭೋಗದ ಹಕ್ಕು ಕೊಡುವುದು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ತಹಸೀಲ್ದಾರರು ಕಾರ್ಯದರ್ಶಿ. ಅರ್ಜಿ ಹಾಕುವ ಗಡುವು ಮುಂದಕ್ಕೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಮಂಡಳಿಯ ಆದೇಶ ಆದಮೇಲೆ ನಮೂನೆ 10ರ ಸರ್ಟಿಫಿಕೇಟು. ಅದು ಕೈಯಲ್ಲಿದ್ದರೆ ಮುಗಿಯಿತು, ಗದ್ದೆ ನಿಮ್ಮದು.

ದೊಡ್ಡಮ್ಮನ ಟ್ರಂಕಿನಲ್ಲಿ ನಮೂನೆ 10 ಇರಲಿಲ್ಲ. ಇದ್ದದ್ದು ನಮೂನೆ 7 ಕೊಟ್ಟದ್ದಕ್ಕೆ ಸ್ವೀಕೃತಿಯ ಚೀಟಿ. ಮೊಹರಿನ ಅರ್ಧ ಮಾಸಿಹೋಗಿತ್ತು, ನಂಬರು ಓದಲು ಬರುತ್ತಿರಲಿಲ್ಲ. ಮಂಡಳಿ ಎಂದು ಸೇರಿತ್ತು ಎಂದು ಕೇಳಿದರೆ, “ಇಂದಿರಮ್ಮ ಚಿಕ್ಕಮಗ್ಳೂರಲ್ಲಿ ಎಲೆಕ್ಷನ್ನಿಗೆ ನಿಂತಿದ್ರಲ್ಲ, ಅದರ ಮಾರನೇ ವರ್ಷ. ನಮ್ಮನೆಯವರು ಅಣ್ಣನ ಅಂಗಿ ಇಸ್ಕಂಡು ಹಾಕ್ಕೊಂಡು ಹೋಗಿದ್ರು ತಮ್ಮಾ,” ಅಂದರು. ಆ ಉಪಚುನಾವಣೆ ನಡೆದದ್ದು 1978ರ ನವೆಂಬರಿನಲ್ಲಿ. ಅಂದರೆ ಮಂಡಳಿ ಸೇರಿದ್ದು 1979. ಈ ಲೆಕ್ಕ ಸರಿಯಾಗಿಯೇ ಇತ್ತು ಅಂತ ಆಮೇಲೆ ಗೊತ್ತಾಯಿತು.

ಮೊದಲು ತಾಲ್ಲೂಕು ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟೆವು. ಹಿಂಬರಹ ಬಂತು: ಸದರಿ ಕಡತವು ಅಭಿಲೇಖಾಲಯದಲ್ಲಿ ಹುಡುಕಲಾಗಿ ಲಭ್ಯವಾಗಿರುವುದಿಲ್ಲ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಹಾಕಿದೆವು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. 2005ರ ಕಾಯ್ದೆಯಲ್ಲಿ 30 ದಿನದೊಳಗೆ ಉತ್ತರ ಕೊಡಬೇಕು. ಕೊಟ್ಟರು ಪಾಪ. ಅದೇ ವಾಕ್ಯ. ತಹಸೀಲ್ದಾರರ ಹತ್ತಿರ ಮೊದಲನೇ ಮೇಲ್ಮನವಿ ಹಾಕಿದೆವು. ಅವರು ಮತ್ತೊಮ್ಮೆ ಹುಡುಕಿ ಕೊಡಿ ಎಂದು ಆದೇಶ ಮಾಡಿದರು. ಮತ್ತೊಂದು ಹಿಂಬರಹ ಬಂತು. ಅದರಲ್ಲಿ ಹೊಸದಾಗಿದ್ದದ್ದು ತಾರೀಖು ಮಾತ್ರ.

ನಿಜ ಹೇಳಬೇಕೆಂದರೆ ಅಲ್ಲಿಗೆ ನನಗೂ ಕೈ ಸೋತಿತ್ತು. ಕೊಡುವುದಿಲ್ಲ ಎಂದರೆ ಯಾವ ಸೆಕ್ಷನ್ನಿನಲ್ಲಿ ಕೊಡುವುದಿಲ್ಲ ಎಂದು ಜಗಳ ಆಡಬಹುದು. ಎಂಟನೇ ಸೆಕ್ಷನ್ನಿನಲ್ಲಿ ಯಾವ ಯಾವ ಮಾಹಿತಿಯನ್ನು ತಡೆಹಿಡಿಯಬಹುದು ಎಂದು ಪಟ್ಟಿಯೇ ಇದೆ. ಇಲ್ಲ ಅಂದವರ ಹತ್ತಿರ ಏನು ಜಗಳ? ಇಲ್ಲದ್ದನ್ನು ಎಲ್ಲಿಂದ ತರಲಿ ಸ್ವಾಮಿ ಅಂದುಬಿಟ್ಟರೆ ನಮ್ಮ ಬಾಯಿ ಬಂದ್.

ಆಗ ನೆನಪಾದವರು ಪಕ್ಕದ ಊರಿನ ರಿಟೈರ್ಡ್ ಶಿರಸ್ತೇದಾರರು. ಸರ್ವಿಸ್ಸಿನ ಬಹುಪಾಲು ಭೂಸುಧಾರಣೆ ಶಾಖೆಯಲ್ಲೇ ಸವೆಸಿದವರು, ಬೇರೆ ಜಿಲ್ಲೆಯಲ್ಲಿ. ಅಡಿಕೆ ಸುಲಿಸುತ್ತಾ ಕೂತಿದ್ದರು. ಎರಡೂ ಹಿಂಬರಹಗಳನ್ನು ಕನ್ನಡಕದ ಮೇಲಿನಿಂದ ನೋಡಿ ಪಕ್ಕಕ್ಕಿಟ್ಟು ಕೇಳಿದರು: “ಎಲ್ಲಿ ಹುಡುಕಿದ್ರಂತೆ?”

“ಅಭಿಲೇಖಾಲಯದಲ್ಲಿ ಅಂತ ಬರೆದಿದ್ದಾರಲ್ಲ ಸಾರ್.”

“ಅದು ಗೊತ್ತಾಯ್ತು ಮೇಷ್ಟ್ರೇ. ಯಾವ ರ‍್ಯಾಕಿನಲ್ಲಿ? ಯಾವ ಗಂಟಿನಲ್ಲಿ? ಯಾವ ರಿಜಿಸ್ಟರ್ ನೋಡಿಕೊಂಡು ಆ ಗಂಟಿಗೆ ಹೋದರು? ಹುಡುಕಿದವನು ಯಾರು? ತಪ್ಪಿಸಿಕೊಂಡ ಎಮ್ಮೆಯನ್ನ ಕೊಟ್ಟಿಗೆಯೊಳಗೇ ಹುಡುಕಿ, ಇಲ್ಲ ಅಂತ ಬಂದರೆ ಅದು ಹುಡುಕಿದ್ದು ಅಲ್ಲ.”

ಅಂದು ಅವರು ಹೇಳಿದ್ದನ್ನು ಯಾವ ಪುಸ್ತಕದಲ್ಲೂ ಓದಿಲ್ಲ ನಾನು. ಸರ್ಕಾರಿ ಕಾಗದ ಒಂದೇ ಜಾಗದಲ್ಲಿ ಇರುವುದಿಲ್ಲ, ಓಡಾಡುತ್ತಾ ಹೋದಲ್ಲೆಲ್ಲ ಗುರುತು ಬಿಡುತ್ತದೆ ಅಂದರು. ನಮೂನೆ 7 ಬಂದ ದಿನ ಮಂಡಳಿಯ ಪ್ರಕರಣಗಳ ರಿಜಿಸ್ಟರಿನಲ್ಲಿ ಒಂದು ಸಾಲು ಬೀಳುತ್ತದೆ, ಊರಿನ ಹೆಸರು, ಸರ್ವೆ ನಂಬರು, ಅರ್ಜಿದಾರ, ಒಡೆಯ. ಕೊನೆಯಲ್ಲಿ ಷರಾ ಕಾಲಮ್ಮು. ತೀರ್ಮಾನವಾದರೆ ಅಲ್ಲೇ ತಾರೀಖು ಹಾಕುತ್ತಾರೆ. ಕಡತ ರೆಕಾರ್ಡ್ ರೂಮಿಗೆ ಹೋಗುವಾಗ ಅಲ್ಲಿನ ಪಟ್ಟಿಯಲ್ಲಿ ಇನ್ನೊಂದು ಸಾಲು. ನಮೂನೆ 10 ಕೊಟ್ಟರೆ ಅದರ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಗೂ ಹೋಗಲೇಬೇಕು, ಭೂಸುಧಾರಣೆ ಕಾಯ್ದೆಯ 55ನೇ ಸೆಕ್ಷನ್ನಿನಲ್ಲೇ ಹಾಗಿದೆ. ಅಲ್ಲಿ ನೋಂದಣಿ ಆಗಿರುತ್ತದೆ. ಆಮೇಲೆ ಮ್ಯುಟೇಶನ್. ಇಷ್ಟು ಕಡೆ ಗುರುತು ಬಿಟ್ಟ ಕಾಗದ ಎಲ್ಲೂ ಇಲ್ಲ ಅಂದರೆ ನಂಬುವುದು ಹೇಗೆ?

“ಮೊದಲು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಡಿಸಿ,” ಅಂದರು.

ನೋಡಿಸಿದೆವು. ಇರಲಿಲ್ಲ. ದೊಡ್ಡಮ್ಮನ ಮಗ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ನನಗೂ ಮುಖ ಸಪ್ಪಗಾಯಿತು. ಶಿರಸ್ತೇದಾರರಿಗೆ ಹೇಳಿದರೆ ಅವರ ಮುಖ ಅರಳಿತು ನೋಡಿ! “ಹಾಗಾದರೆ ನಮೂನೆ 10 ಕೊಟ್ಟೇ ಇಲ್ಲ. ಮಂಡಳಿ ಆದೇಶ ಆದಮೇಲೂ ಕೊಟ್ಟಿಲ್ಲ ಅಂದರೆ ನಡುವೆ ಯಾರೋ ತಡೆ ಹಾಕಿಸಿದ್ದಾರೆ. ಒಡೆಯರು ಕೋರ್ಟಿಗೆ ಹೋಗಿದ್ದರಾ, ಕೇಳಿ ಆ ಅಮ್ಮನನ್ನ.”

ಕೇಳಿದೆ. ದೊಡ್ಡಮ್ಮ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದವರು ಕತ್ತೆತ್ತಲೂ ಇಲ್ಲ. “ಹೂಂ, ಆಮೇಲೆ ಸುಮಾರು ವರ್ಷ ಬಿಟ್ಟು ಶಿವಮೊಗ್ಗಕ್ಕೆ ಹೋಗ್ತಾ ಇದ್ರು. ವಕೀಲರಿಗೆ ಕೊಡಾಕೆ ಅಂತ ಒಂದು ಕೊಪ್ಪರಿಗೆ ಮಾರಿದ್ವಿ.”

“ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ ದೊಡ್ಡಮ್ಮ?”

“ನೀನು ಕೇಳಿದ್ಯನಾ?”

ಕಚೇರಿಯವರಂತೂ ಕೇಳಿರಲಿಲ್ಲ. ಅರ್ಜಿದಾರರನ್ನು ಕರೆದು, ಈ ಕೇಸು ಮುಂದೆ ಎಲ್ಲಿಗಾದರೂ ಹೋಗಿತ್ತೇನಮ್ಮ ಎಂದು ಒಂದು ಮಾತು ವಿಚಾರಿಸಿದ್ದರೆ ಅರ್ಧ ಕೆಲಸ ಅಲ್ಲೇ ಆಗುತ್ತಿತ್ತು. ಹುಡುಕುವ ಕೆಲಸದಲ್ಲಿ ಎಲ್ಲಕ್ಕಿಂತ ಅಗ್ಗದ ಸಾಧನ ಅದು, ಖರ್ಚಿಲ್ಲ, ಧೂಳಿಲ್ಲ.

ಶಿವಮೊಗ್ಗ ಅಂದ ಕೂಡಲೇ ಶಿರಸ್ತೇದಾರರಿಗೆ ಹೊಳೆದುಹೋಯಿತು. ಮೊದಲೆಲ್ಲ ಮಂಡಳಿಯ ಆದೇಶದ ಮೇಲೆ ಹೈಕೋರ್ಟಿಗೆ ರಿಟ್ ಹೋಗುತ್ತಿದ್ದರು. ಆ ಹೊರೆ ತಡೆಯಲಾರದೆ 1980ರ ದಶಕದ ಉತ್ತರಾರ್ಧದಲ್ಲಿ ಜಿಲ್ಲೆಗಳಲ್ಲಿ ಭೂಸುಧಾರಣೆ ಮೇಲ್ಮನವಿ ಪ್ರಾಧಿಕಾರ ಅಂತ ಮಾಡಿದರು. ಕೆಲವೇ ವರ್ಷ ಇದ್ದು ರದ್ದಾಗಿಹೋದವು. ರದ್ದಾದ ಕಚೇರಿಯ ಕಾಗದಪತ್ರದ ಗತಿ ನಿಮಗೆ ಗೊತ್ತೇ ಇದೆ, ದಾಯಾದಿಗಳಿಲ್ಲದ ಮನೆ. “ಮೂಲ ಕಡತ ತರಿಸಿಕೊಂಡಿರ್ತಾರೆ. ವಾಪಸು ಬಂದಿದ್ದರೂ 79ರ ಗಂಟಿಗೆ ಸೇರಿರಲ್ಲ. ನೀವಿನ್ನು ಫೈಲು ಕೇಳಬೇಡಿ ಮೇಷ್ಟ್ರೇ. ಹುಡುಕಿದ್ದನ್ನು ಕೇಳಿ.”

ಇದೇ ನೋಡಿ ಈ ಕಥೆಯ ತಿರುಳು. ನಾನು ಹೊಸದಾಗಿ ಒಂದು ಅರ್ಜಿ ಬರೆದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ. ಜೀವಮಾನವಿಡೀ ಮಕ್ಕಳಿಗೆ ಸಂಕ್ಷಿಪ್ತವಾಗಿ ಬರೆಯಿರಿ ಎಂದು ಹೇಳಿದವನಿಗೆ ಆ ದಿನ ಬೆವರಿಳಿಯಿತು. ವಿಷಯ ಒಂದೇ: ಸದರಿ ಕಡತವನ್ನು ಹುಡುಕಿದ ಬಗ್ಗೆ. ಹುಡುಕಲು ಯಾರಿಗೆ ಸೂಚಿಸಲಾಯಿತು, ಆ ಟಿಪ್ಪಣಿಯ ನಕಲು. ಆ ದಿನಗಳಲ್ಲಿ ಅಭಿಲೇಖಾಲಯದ ಬೀಗ ತೆಗೆದವರು, ಒಳಗೆ ಹೋದವರು ಯಾರು, ಆ ವಹಿಯ ಪುಟ. ಭೂನ್ಯಾಯ ಮಂಡಳಿಯ ಪ್ರಕರಣ ರಿಜಿಸ್ಟರಿನಲ್ಲಿ ನಮ್ಮೂರಿನ ಸಾಲುಗಳಿರುವ ಪುಟಗಳ ನಕಲು. ಬೇರೆ ಕಚೇರಿಗೆ, ನ್ಯಾಯಾಲಯಕ್ಕೆ ಕಳಿಸಿದ ಕಡತಗಳ ಪಟ್ಟಿ. ಅಷ್ಟೇ.

ಈ ಸಲ ಬಂದ ಉತ್ತರ ದಪ್ಪಗಿತ್ತು. ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿಸಿಕೊಂಡು ಕೊಟ್ಟರು. ಟಿಪ್ಪಣಿ ಹಾಳೆ ನಾಲ್ಕು ಸಾಲಿನದು. ಕೇಸ್ ವರ್ಕರ್ ‘ರೆಕಾರ್ಡ್ ಕೀಪರ್ ಅವರಿಂದ ವರದಿ ಪಡೆಯಬಹುದು’ ಎಂದು ಬರೆದಿದ್ದಾರೆ. ಅದರ ಕೆಳಗೆ ರೆಕಾರ್ಡ್ ಕೀಪರ್ ‘1979ನೇ ಸಾಲಿನ ಗಂಟಿನಲ್ಲಿ ಇರುವುದಿಲ್ಲ’ ಎಂದು ಬರೆದು ಸಹಿ ಮಾಡಿದ್ದಾರೆ. ಅದರ ಕೆಳಗೆ ಕರಡು ಹಿಂಬರಹ ಸಹಿಗೆ. ಎರಡನೇ ಹಿಂಬರಹಕ್ಕೆ ಆ ನಾಲ್ಕು ಸಾಲೂ ಇಲ್ಲ, ‘ಹಿಂದಿನ ವರದಿಯಂತೆ’ ಅಂತ ಮಾತ್ರ. ಬೀಗದ ವಹಿಯಲ್ಲಿ ಮೊದಲನೆಯದಕ್ಕೆ ಒಂದು ನಮೂದು ಇತ್ತು. ಎರಡನೆಯದರ ತಾರೀಖಿನ ಆಸುಪಾಸಿನಲ್ಲಿ ರೆಕಾರ್ಡ್ ರೂಮಿನ ಬಾಗಿಲನ್ನೇ ತೆಗೆದಿರಲಿಲ್ಲ.

ಆದರೆ ಅದಲ್ಲ ಮುಖ್ಯ. ಮುಖ್ಯವಾದದ್ದು ಪ್ರಕರಣ ರಿಜಿಸ್ಟರಿನ ಪುಟ. ಅದು ರೆಕಾರ್ಡ್ ರೂಮಿನಲ್ಲಿ ಇರಲೇ ಇಲ್ಲ, ಭೂಸುಧಾರಣೆ ಶಾಖೆಯ ಬೀರುವಿನಲ್ಲಿ, ಕೇಸ್ ವರ್ಕರ್ ಕೂರುವ ಕುರ್ಚಿಯ ಬೆನ್ನಿಗೇ ಇತ್ತು. ನೀಲಿ ಮಸಿಯ ಗುಂಡು ಅಕ್ಷರ. ದೊಡ್ಡಮ್ಮನ ಗಂಡನ ಹೆಸರು, ಒಡೆಯರ ಹೆಸರು, ಸರ್ವೆ ನಂಬರು, 1979ರ ಒಂದು ತಾರೀಖು, ‘ಮಂಜೂರು’. ಪಕ್ಕದ ಷರಾ ಕಾಲಮ್ಮಿನಲ್ಲಿ ಬೇರೆ ಕೈಬರಹ, ಕೆಂಪು ಮಸಿ: ಮೂಲ ಕಡತ ಶಿವಮೊಗ್ಗಕ್ಕೆ. ಜೆರಾಕ್ಸಿನಲ್ಲಿ ಕೆಂಪೆಲ್ಲ ಬೂದು ಬಣ್ಣಕ್ಕೆ ತಿರುಗಿತ್ತು, ನಾನು ಭೂತಗನ್ನಡಿ ಹಿಡಿದು ಓದಿದೆ. ನಕಲು ಮಾಡಿಕೊಟ್ಟವರೂ ಅದನ್ನು ಓದಿರಲಿಲ್ಲ ಅನ್ನುವುದು ಖಂಡಿತ, ಓದಿದ್ದರೆ ಹೊರಗೆ ಕಳಿಸಿದ ಕಡತಗಳ ಪಟ್ಟಿ ಎಂಬ ಪ್ರಶ್ನೆಯ ಎದುರಿಗೆ ‘ಮಾಹಿತಿ ಶೂನ್ಯ’ ಎಂದು ಬರೆಯುತ್ತಿರಲಿಲ್ಲ.

ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಅಷ್ಟರಲ್ಲೇ ಹಾಕಿಯಾಗಿತ್ತು. ಮೊದಲನೆಯದರ ತೀರ್ಮಾನ ಬಂದು 90 ದಿನದೊಳಗೆ ಹಾಕಬೇಕು. ವಿಚಾರಣೆಗೆ ನೋಟಿಸು ಬಂದಾಗ ಈ ಪುಟಗಳನ್ನು ಅದಕ್ಕೆ ಸೇರಿಸಿದೆ. ಬೆಂಗಳೂರಿನಲ್ಲಿ ವಕೀಲಿ ಮಾಡುವ ನನ್ನ ಹಳೇ ವಿದ್ಯಾರ್ಥಿಯೊಬ್ಬ ದೆಹಲಿ ಹೈಕೋರ್ಟಿನ 2013ರ ಒಂದು ತೀರ್ಪು ಕಳಿಸಿಕೊಟ್ಟ, ಭಾರತ ಸರ್ಕಾರ ಮತ್ತು ವಿಶ್ವಾಸ್ ಭಾಂಬೂರ್ಕರ್ ನಡುವಿನದು. ಕಡತ ಸಿಗುತ್ತಿಲ್ಲ ಎಂದು ಇಲಾಖೆ ಕೈತೊಳೆದುಕೊಳ್ಳುವ ಹಾಗಿಲ್ಲ, ಒಮ್ಮೆ ಇಲಾಖೆಯ ಹತ್ತಿರ ಇದ್ದ ಮಾಹಿತಿಯಾದರೆ ಆಮೂಲಾಗ್ರ ಹುಡುಕಬೇಕು, ಆಮೇಲೂ ಸಿಗದಿದ್ದರೆ ಯಾರ ಹೊಣೆ ಎಂದು ನಿಗದಿ ಮಾಡಬೇಕು, ಆ ಬಗ್ಗೆ ವಿಚಾರಣೆಗೆ ಆದೇಶಿಸುವ ಅಧಿಕಾರ ಆಯೋಗಕ್ಕೆ ಇದೆ ಅಂತ ಅದರ ಸಾರಾಂಶ. ಹಾಗಿಲ್ಲದಿದ್ದರೆ ಬೇಡವಾದ ಮಾಹಿತಿಯನ್ನೆಲ್ಲ ಕಾಣೆಯಾಗಿದೆ ಅಂದುಬಿಡಬಹುದಲ್ಲ! ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ, ನಿರಾಕರಿಸಿದ್ದು ಸರಿ ಎಂದು ಸಾಬೀತು ಮಾಡುವ ಭಾರ ಮಾಹಿತಿ ಅಧಿಕಾರಿಯ ಮೇಲೆ, ಅರ್ಜಿದಾರನ ಮೇಲಲ್ಲ. ಹಳ್ಳಿಯವರಿಗೆ ಇದು ಗೊತ್ತಿಲ್ಲ. ಅವರು ಕಚೇರಿಗೆ ಹೋಗುವುದೇ ತಾವು ತಪ್ಪಿತಸ್ಥರೆಂಬ ಹಾಗೆ, ಚಪ್ಪಲಿ ಹೊರಗೆ ಬಿಟ್ಟು.

ಮಾಹಿತಿ ಆಯೋಗ ಇರುವುದು ವಿಧಾನಸೌಧದ ಎದುರು ಮಾಹಿತಿ ಸೌಧದಲ್ಲಿ. ರಸ್ತೆಯ ಹೆಸರು ನೋಡಿದರೆ ದೇವರಾಜ ಅರಸು ರಸ್ತೆ! ದೊಡ್ಡಮ್ಮನಿಗೆ ತೋರಿಸಿದೆ. “ಅವರೇ ಕೊಟ್ಟಿದ್ದು, ಅವರ ಬಾಗ್ಲಿಗೇ ಬಂದ್ವಲ್ಲ,” ಅಂದರು. ಒಳಗೆ ನಮ್ಮ ಸರದಿ ಬಂದದ್ದು ಮಧ್ಯಾಹ್ನದ ಮೇಲೆ. ಸಿನಿಮಾದಲ್ಲಿ ತೋರಿಸುವ ಹಾಗೆ ವಾದವಿವಾದ ಏನೂ ಇಲ್ಲ. ಆಯುಕ್ತರು ರಿಜಿಸ್ಟರಿನ ಪುಟ ನೋಡಿದರು. ನಮ್ಮ ಕಚೇರಿಯಿಂದ ಬಂದಿದ್ದ ಮಾಹಿತಿ ಅಧಿಕಾರಿಯತ್ತ ಅದನ್ನು ತಿರುಗಿಸಿ, “ಈ ಷರಾ ಓದಿದ್ದೀರಾ?” ಅಂದರು. ಆತ ಆ ಹುದ್ದೆಗೆ ಬಂದು ಕೆಲವೇ ತಿಂಗಳಾಗಿತ್ತು, ಎರಡೂ ಹಿಂಬರಹ ಹಿಂದಿನವರ ಸಹಿಯದು. “ಇಲ್ಲ ಸಾರ್,” ಅಂದ. ಸುಳ್ಳು ಹೇಳಲಿಲ್ಲ, ಅದು ನನಗೆ ಹಿಡಿಸಿತು. ಆದೇಶ ಚಿಕ್ಕದು: ಅರ್ಜಿದಾರರ ಸಮಕ್ಷಮದಲ್ಲಿ ಹುಡುಕಬೇಕು, ಎಲ್ಲೆಲ್ಲಿ ಹುಡುಕಿದಿರಿ, ಯಾವ ವಹಿ ನೋಡಿದಿರಿ, ಯಾರು ಹುಡುಕಿದರು ಎಂದು ಬರೆದು ಪ್ರಮಾಣಪತ್ರದ ಮೂಲಕ ಮುಂದಿನ ತಾರೀಖಿಗೆ ಸಲ್ಲಿಸಬೇಕು. 20ನೇ ಸೆಕ್ಷನ್ನಿನಲ್ಲಿ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಯಾಕೆ ಹಾಕಬಾರದು ಎಂದು ಕಾರಣ ಕೇಳಿ ನೋಟಿಸೂ ಹೋಯಿತು.

ಬಾಯಿಮಾತಿನಲ್ಲಿ ‘ಹುಡುಕಿದೆ’ ಎನ್ನುವುದಕ್ಕೂ, ಪ್ರಮಾಣ ಮಾಡಿ ‘ಇಂಥಿಂಥ ಕಡೆ ಹುಡುಕಿದೆ’ ಎಂದು ಬರೆದುಕೊಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಆವತ್ತು ತಿಳಿಯಿತು. ಎರಡನೆಯದಕ್ಕೆ ನಿಜವಾಗಿಯೂ ಹುಡುಕಬೇಕಾಗುತ್ತದೆ.

ರೆಕಾರ್ಡ್ ರೂಮಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ನೆಲದಿಂದ ಸೂರಿನವರೆಗೆ ಕಬ್ಬಿಣದ ರ‍್ಯಾಕುಗಳು, ಕೆಂಪು ಬಟ್ಟೆಯ ಗಂಟುಗಳು, ಗಂಟಿಗೊಂದು ರಟ್ಟಿನ ಚೀಟಿ. ಕೆಲವು ಗಂಟಿನ ಬಟ್ಟೆ ತೊಳೆದು ತೊಳೆದು ಬಿಳಿಚಿಕೊಂಡ ಸೀರೆಯ ಬಣ್ಣಕ್ಕೆ ಬಂದಿತ್ತು. ರೆಕಾರ್ಡ್ ಕೀಪರ್ ಹುಡುಗ, ಎಸ್‌ಡಿಎ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮೊದಲು 1979ರ ಗಂಟನ್ನೇ ಇಳಿಸಿದ. ಅವನು ಹೇಳಿದ್ದು ನಿಜ, ಅದರಲ್ಲಿ ಇರಲಿಲ್ಲ. 78, 80 ಬಿಚ್ಚಿದೆವು. ಇಲ್ಲ. ಮಾಹಿತಿ ಅಧಿಕಾರಿ ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ, ಪ್ರಮಾಣಪತ್ರಕ್ಕೆ ಬೇಕಲ್ಲ. ಶಿವಮೊಗ್ಗದಿಂದ ಅಷ್ಟರಲ್ಲಿ ಒಂದು ಪತ್ರ ಬಂದಿತ್ತು: ರದ್ದಾದ ಪ್ರಾಧಿಕಾರದ ಮೂಲ ಕಡತಗಳು ಸಂಬಂಧಪಟ್ಟ ತಾಲ್ಲೂಕುಗಳಿಗೆ ಹಿಂದೆಯೇ ರವಾನೆಯಾಗಿವೆ. ಹಾಗಾದರೆ ಇಲ್ಲೇ ಇರಬೇಕು. ಎಲ್ಲಿ?

ಬಾಗಿಲ ಹತ್ತಿರ ಚಹಾದ ಲೋಟ ಹಿಡಿದು ನಿಂತಿದ್ದ ಅಟೆಂಡರ್ ಆಗ ಬಾಯಿ ಬಿಟ್ಟ. ನಿವೃತ್ತಿಗೆ ಹತ್ತಿರವಾದ ಮನುಷ್ಯ. “ಸೀಲಿನ ಚೀಲಗಳಾ ಸಾರ್? ಮಿನಿ ವಿಧಾನಸೌಧಕ್ಕೆ ಆಫೀಸು ಶಿಫ್ಟ್ ಆದಾಗ ನಾನೇ ಹೊತ್ತಿದ್ದು. ಯಾವ ಸೆಕ್ಷನ್ನಿನವರೂ ನಮ್ಮದು ಅನ್ಲಿಲ್ಲ. ಮೆಟ್ಲ ಕೆಳಗೆ ಹಾಕಿದೀವಿ, ಎಲೆಕ್ಷನ್ ಡಬ್ಬದ ಹಿಂದೆ.”

ಎಲ್ಲರೂ ಅವನ ಮುಖ ನೋಡಿದರು. “ಮೊದಲೇ ಹೇಳೋದಲ್ವೇನ್ರೀ?” ಅಂದ ರೆಕಾರ್ಡ್ ಕೀಪರ್.

“ನನ್ನ ಯಾರು ಕೇಳಿದ್ರು ಸಾರ್?”

ದೊಡ್ಡಮ್ಮ ನನ್ನನ್ನು ನೋಡಿ ನಕ್ಕರು.

ಮೆಟ್ಟಿಲ ಕೆಳಗಿನ ಗೋಣಿಚೀಲಗಳ ಬಾಯಿಗೆ ಅರಗಿನ ಮುದ್ರೆ ಹಾಗೇ ಇತ್ತು. ಶಿವಮೊಗ್ಗದಲ್ಲಿ ಹೊಲಿದದ್ದನ್ನು ನಮ್ಮ ಕಡೆ ಯಾರೂ ಬಿಚ್ಚಿರಲಿಲ್ಲ. ಎರಡನೇ ಚೀಲದಲ್ಲಿ ಸಿಕ್ಕಿತು. ಇಲಿ ಒಂದು ಮೂಲೆಯನ್ನು ಕಡಿದಿತ್ತು, ಅಕ್ಷರ ಹೋಗಿರಲಿಲ್ಲ. ಮೇಲುಗಡೆ ಪ್ರಾಧಿಕಾರದ ಆದೇಶ, ಒಡೆಯರ ಮೇಲ್ಮನವಿ ವಜಾ. ಅದರ ಕೆಳಗೆ ಮಂಡಳಿಯ ಆದೇಶ, ಅಧ್ಯಕ್ಷರು ಮತ್ತು ಸದಸ್ಯರ ಸಹಿ. ಕೆಳಗೆ ಸ್ಥಳ ತನಿಖೆಯ ಮಹಜರು, ನೆರೆಹೊರೆಯವರ ಹೇಳಿಕೆಗಳು, ತಳದಲ್ಲಿ ನಮೂನೆ 7. ಅಂದರೆ ಗೆದ್ದ ಆದೇಶವೇ ಗೋಣಿಚೀಲದಲ್ಲಿ ಹೊಲಿಸಿಕೊಂಡು ಊರಿಗೆ ಬಂದು ಮೆಟ್ಟಿಲ ಕೆಳಗೆ ಕೂತಿತ್ತು. ತಡೆ ತೆರವಾದದ್ದು ಯಾವ ಕೇಸ್ ವರ್ಕರಿನ ಮೇಜಿಗೂ ಬರಲಿಲ್ಲ, ಹಾಗಾಗಿ ನಮೂನೆ 10 ಹೊರಡಲಿಲ್ಲ, ಹಾಗಾಗಿ ಪಹಣಿ ಬದಲಾಗಲಿಲ್ಲ.

ದೊಡ್ಡಮ್ಮನಿಗೆ ಓದಲು ಬರುವುದಿಲ್ಲ. ಹೇಳಿಕೆಗಳನ್ನು ನಾನು ಒಂದೊಂದಾಗಿ ಓದಿ ಹೇಳಿದೆ. ಮೂರನೇ ಸಾಕ್ಷಿಯ ಹೆಸರು ಬಂದಾಗ ತಡೆದರು. “ಯಾರು? ಮತ್ತೊಂದ್ಸಲ ಓದು.” ಓದಿದೆ. ಕೆಳಗಿನ ಮನೆಯವರು. ನೀರಿನ ಕಾಲುವೆ ವಿಷಯದಲ್ಲಿ ಜಗಳವಾಗಿ ಎರಡೂ ಮನೆಗಳ ನಡುವೆ ಮಾತುಕತೆ ನಿಂತುಹೋಗಿ ಯಾವ ಕಾಲವಾಗಿತ್ತೋ. ಈ ಜಮೀನನ್ನು ಅರ್ಜಿದಾರರೇ ಉಳುತ್ತಾ ಬಂದಿದ್ದಾರೆ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಆ ಮನೆಯ ಯಜಮಾನರು ಅಧಿಕಾರಿಗಳ ಮುಂದೆ ಹೇಳಿ ಹೆಬ್ಬೆಟ್ಟು ಒತ್ತಿದ್ದರು. “ಈ ಸಂಗತಿ ನಮ್ಮ ಮನೇಲಿ ಯಾರೂ ಹೇಳ್ಲೇ ಇಲ್ವಲ್ಲ,” ಅಂದರು ದೊಡ್ಡಮ್ಮ. ಆ ವರ್ಷದ ದೀಪಾವಳಿಗೆ ಕೆಳಗಿನ ಮನೆಗೆ ಹೋಳಿಗೆ ಹೋಯಿತು ಎಂದು ನಮ್ಮಾಕೆ ಹೇಳಿದಳು.

ಈಗ ಜನ ಕೇಳುತ್ತಾರೆ, ಕಚೇರಿಯವರು ಬೇಕೆಂದೇ ಬಚ್ಚಿಟ್ಟಿದ್ದರಾ, ದುಡ್ಡು ತಿಂದಿದ್ದರಾ ಅಂತ. ನನಗೆ ಹಾಗನ್ನಿಸುವುದಿಲ್ಲ. ಬಚ್ಚಿಟ್ಟವನು ಷರಾ ಇರುವ ಪುಟದ ನಕಲನ್ನು ತಾನೇ ಕೊಡುತ್ತಾನೆಯೇ? ಆ ಹುಡುಗ ತನ್ನ ಲೆಕ್ಕದಲ್ಲಿ ಹುಡುಕಿದ್ದ. ಅರ್ಜಿಯಲ್ಲಿ 1979 ಎಂದಿತ್ತು, 1979ರ ಗಂಟು ಬಿಚ್ಚಿದ, ಇರಲಿಲ್ಲ, ಇಲ್ಲ ಅಂದ. ಎಷ್ಟೋ ಸಾವಿರ ಗಂಟುಗಳಿಗೆ ಅವನೊಬ್ಬ, ಜೊತೆಗೆ ಚುನಾವಣೆ ಕೆಲಸ, ಸಮೀಕ್ಷೆ ಕೆಲಸ. ಕೆಟ್ಟತನಕ್ಕಿಂತ ಹೆಚ್ಚು ಕಡತಗಳನ್ನು ನಮ್ಮಲ್ಲಿ ನುಂಗಿರುವುದು ಸೂಚಿಪಟ್ಟಿ ಇಲ್ಲದಿರುವುದು. ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ನು ಮೊದಲು ಹೇಳುವುದೇ ಅದನ್ನು: ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಮಾಡಿ ಇಡಿ. ಎಲ್ಲರೂ ಆರನೇ ಸೆಕ್ಷನ್ನಿನಲ್ಲಿ ಅರ್ಜಿ ಹಾಕುತ್ತಾರೆ, ನಾಲ್ಕನೆಯದನ್ನು ಕೇಳುವವರಿಲ್ಲ. ಆದರೆ ಎರಡನೇ ಹಿಂಬರಹಕ್ಕೆ ಸಹಿ ಮಾಡಿದವರ ಬಗ್ಗೆ ನನಗೆ ಅಷ್ಟು ಕರುಣೆ ಇಲ್ಲ. ಬಾಗಿಲೇ ತೆರೆಯದೆ ಹುಡುಕಲಾಗಿ ಎಂದು ಬರೆದದ್ದು ಸೋಮಾರಿತನಕ್ಕಿಂತ ಒಂದು ಮೆಟ್ಟಿಲು ಮೇಲಿನದು.

ಈ ಜಗಳ ನಮ್ಮಲ್ಲಿ ಮಾತ್ರವೂ ಅಲ್ಲವಂತೆ. ಆ ವಕೀಲ ಹುಡುಗನೇ ಹೇಳಿದ್ದು: ಅಮೆರಿಕದಲ್ಲಿ ಮಾಹಿತಿ ಕಾಯ್ದೆ 1966ರದು. ಅಲ್ಲಿ ಹೆರಾಲ್ಡ್ ವೈಸ್‌ಬರ್ಗ್ ಎಂಬಾತ ಕೆನಡಿ ಹತ್ಯೆಯ ಗುಂಡುಗಳ ಪ್ರಯೋಗಾಲಯ ಪರೀಕ್ಷೆಯ ಕಾಗದ ಕೊಡಿ ಎಂದು ಎಫ್‌ಬಿಐ ಬೆನ್ನು ಬಿದ್ದು ವರ್ಷಗಟ್ಟಲೆ ಕೋರ್ಟು ಅಲೆದ. 1980ರ ದಶಕದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿದ್ದು, ಇನ್ನೂ ಕಾಗದ ಎಲ್ಲಾದರೂ ಇದ್ದೀತೇ ಎಂಬುದು ಪ್ರಶ್ನೆಯಲ್ಲ, ಹುಡುಕಿದ್ದು ಸಾಕಷ್ಟಿತ್ತೇ ಎಂಬುದು ಪ್ರಶ್ನೆ ಅಂತ. ಕೊನೆಗೆ ಅಲ್ಲಿ ಎಫ್‌ಬಿಐ ಹುಡುಕಿದ್ದು ಸಾಕು ಅಂತಲೇ ಆಯಿತು, ವೈಸ್‌ಬರ್ಗ್ ಸೋತ. ಆದರೆ ಅದಕ್ಕೆ ಮೊದಲು ಇಲಾಖೆ ಹೇಗೆ ಹುಡುಕಿತು ಎಂದು ಪ್ರಮಾಣಪತ್ರ ಬರೆದುಕೊಡಬೇಕಾಯಿತು. ಸೋತರೂ ಅಷ್ಟಾದರೂ ಸಿಗಬೇಕು ನೋಡಿ. ನನಗೂ ಅದು ನ್ಯಾಯ ಅನ್ನಿಸುತ್ತದೆ. ಬೆಂಕಿ ಬಿದ್ದೋ ನೆರೆ ಬಂದೋ ಕಡತ ಹಾಳಾಗಿದ್ದರೆ ಯಾವ ತಹಸೀಲ್ದಾರರೂ ಹುಟ್ಟಿಸಿಕೊಡಲಾರರು. ಹುಡುಕಿದ ದಾರಿಯನ್ನಂತೂ ಬರೆದುಕೊಡಬಹುದು.

ದಂಡದ ವಿಷಯ ಕೇಳಿದಿರಲ್ಲ. ಹಾಕಲಿಲ್ಲ. ಮುಂದಿನ ತಾರೀಖಿಗೆ ಪ್ರಮಾಣಪತ್ರ, ಕಡತದ ದೃಢೀಕೃತ ನಕಲು ಎರಡೂ ಬಂದವು. ಎಚ್ಚರಿಕೆ ಕೊಟ್ಟು ಮೇಲ್ಮನವಿ ಮುಕ್ತಾಯ ಮಾಡಿದರು. ದೊಡ್ಡಮ್ಮನ ಮಗನಿಗೆ ಸಿಟ್ಟು, ಇಪ್ಪತ್ತೈದು ಸಾವಿರ ವಸೂಲಾಗಬೇಕಿತ್ತು ಅಂತ. ದಂಡ ಸರ್ಕಾರಕ್ಕೆ ಹೋಗುತ್ತದೆ ಮಾರಾಯ, ನಿನ್ನ ಜೇಬಿಗಲ್ಲ ಎಂದ ಮೇಲೆ ತಣ್ಣಗಾದ. ನಮೂನೆ 10 ಕೈಸೇರಲು, ಆಮೇಲೆ ಮ್ಯುಟೇಶನ್ ಆಗಲು ಮತ್ತೆ ಓಡಾಟ ಇದ್ದೇ ಇತ್ತು, ಅದು ಮಾಮೂಲಿ ಕಥೆ. ಈಗ ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ ದೊಡ್ಡಮ್ಮನ ಹೆಸರಿದೆ.

ಇತ್ತೀಚೆಗೆ ಭೂ ಸುರಕ್ಷಾ ಅಂತ ಯೋಜನೆ ಬಂದು ರೆಕಾರ್ಡ್ ರೂಮಿನ ಹಳೇ ಕಾಗದವನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯದೇ. ಆದರೆ ಸ್ಕ್ಯಾನ್ ಆಗುವುದು ರ‍್ಯಾಕಿನ ಮೇಲಿರುವುದು; ಮೆಟ್ಟಿಲ ಕೆಳಗಿರುವುದನ್ನು ಯಾರಾದರೂ ಎತ್ತಿ ಮೇಲಿಡಬೇಕು. ತಪ್ಪು ಊರಿನ ಹೆಸರಿನಲ್ಲಿ ಸ್ಕ್ಯಾನ್ ಆದ ಕಡತವನ್ನು ಕಂಪ್ಯೂಟರ್ ಇನ್ನೂ ಬೇಗ ‘ಇಲ್ಲ’ ಅನ್ನುತ್ತದೆ, ಹಿಂಬರಹ ಬರೆಯುವ ಶ್ರಮವೂ ಉಳಿಯಿತು.

ಆ ಗೋಣಿಚೀಲಗಳಲ್ಲಿ ನಮ್ಮ ದೊಡ್ಡಮ್ಮನದೊಂದೇ ಕಡತ ಇರಲಿಲ್ಲವಲ್ಲ. ಆ ಹೊಸ ಮಾಹಿತಿ ಅಧಿಕಾರಿ ಒಂದು ಕೆಲಸ ಮಾಡಿದ, ನಾನು ಕೇಳದೆಯೇ. ಎಲ್ಲ ಚೀಲ ಬಿಚ್ಚಿಸಿ, ಊರುವಾರು ಪಟ್ಟಿ ಮಾಡಿಸಿ, ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಿದ. ಸಂತೆಯ ದಿನ ಸುದ್ದಿ ಹಬ್ಬಿ ಘಟ್ಟದ ಕಡೆಯ ಊರುಗಳಿಂದಲೂ ಜನ ಬಂದು ಬೆರಳಿಟ್ಟು ಹೆಸರು ಹುಡುಕತೊಡಗಿದರು. ನನ್ನ ಹತ್ತಿರವೂ ಕೆಲವರು ಬಂದರು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದುಕೊಡಿ ಮೇಷ್ಟ್ರೇ ಅಂತ. ಅರ್ಜಿ ಬೇಡ ಮಾರಾಯ್ರಾ, ಪಟ್ಟಿಯಲ್ಲಿ ನಂಬರು ನೋಡಿಕೊಂಡು ನಕಲು ಶಾಖೆಗೆ ಹೋಗಿ ಎಂದು ಕಳಿಸಿದೆ.